ಫೋನ್ ಇಟ್ಟುಬಿಡುವುದು ಒರಟುತನವಲ್ಲ

ನಮ್ಮ ಕಡೆಯವರು ಎದುರಿನವರ ಮಾತು ಮುಗಿಯುವ ತನಕ ಕಾಯುವ ಜನ. ಜಗುಲಿಗೆ ಬಂದವರು ಯಾರೆಂದು ಗೊತ್ತಿಲ್ಲದಿದ್ದರೂ ಮೊದಲು ಕುಳ್ಳಿರಿಸಿ, ಆಸರಿಗೆ ಏನಾದರೂ ಬೇಕಾ ಎಂದು ಕೇಳಿ, ಆಮೇಲೆ ಬಂದ ಕೆಲಸ ವಿಚಾರಿಸುತ್ತೇವೆ. ಫೋನಿನಲ್ಲೂ ಅದೇ ರೂಢಿ. ಆ ಕಡೆಯಿಂದ ಒಬ್ಬರು ‘ಸರ್’, ‘ಮೇಡಂ’ ಎಂದು ಮೆತ್ತಗೆ ಮಾತಾಡುತ್ತಿರುವಾಗ ಫಕ್ಕನೆ ಇಟ್ಟುಬಿಟ್ಟರೆ ಏನೆಂದುಕೊಂಡಾರೋ ಎಂಬ ದಾಕ್ಷಿಣ್ಯ. ಫೋನ್ ಮಾಡಿ ಕ್ರೆಡಿಟ್ ಕಾರ್ಡ್ ದೋಚುವವರು ಬದುಕಿರುವುದೇ ಈ ದಾಕ್ಷಿಣ್ಯದ ಮೇಲೆ. ಅದಕ್ಕೇ ಕಾರವಾರ, ಅಂಕೋಲೆಯ ನನ್ನ ಓರಗೆಯವರಿಗೂ ಅವರ ಮಕ್ಕಳಿಗೂ ಹೇಳಬೇಕಾದದ್ದನ್ನು ಮೊದಲಿಗೇ ಹೇಳಿಬಿಡುತ್ತೇನೆ. ಬ್ಯಾಂಕಿನ ಹೆಸರು ಹೇಳಿಕೊಂಡು ಯಾರೇ ಫೋನ್ ಮಾಡಲಿ, ಮಾತಿನ ನಡುವೆಯೇ ಇಟ್ಟುಬಿಡಿ. ವಿಷಯ ನಿಜವಿರಬಹುದು ಎನ್ನಿಸಿದರೆ ಕಾರ್ಡಿನ ಹಿಂಬದಿಯಲ್ಲಿ ಅಚ್ಚಾಗಿರುವ ಸಂಖ್ಯೆಗೆ ನೀವೇ ಫೋನ್ ಮಾಡಿ ಕೇಳಿ. ನಿಜವಾದ ಬ್ಯಾಂಕಿನವರು ಇದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ. ‘ಫೋನ್ ಇಡಬೇಡಿ, ಲೈನಿನಲ್ಲೇ ಇರಿ’ ಎಂದು ಹಟ ಹಿಡಿದವನು ಬ್ಯಾಂಕಿನವನಲ್ಲ.

ಬೇಲೆಕೇರಿ ಕಡೆಯ ನಿವೃತ್ತ ಅಕ್ಕೋರೊಬ್ಬರು ಎಂದು ಇಟ್ಟುಕೊಳ್ಳಿ. ಪಿಂಚಣಿ ಬರುವ ಬ್ಯಾಂಕಿನವರು ಒಂದು ಕ್ರೆಡಿಟ್ ಕಾರ್ಡ್ ಕೊಟ್ಟಿದ್ದಾರೆ. ಅದು ಕಪಾಟಿನಲ್ಲಿ ಸೀರೆಯ ಅಡಿ ಭದ್ರವಾಗಿದೆ, ಒಂದು ದಿನವೂ ಬಳಸಿದ್ದಿಲ್ಲ. ಮಧ್ಯಾಹ್ನ ಊಟ ಮುಗಿಸಿ ಅಡ್ಡಾಗುವ ಹೊತ್ತಿಗೆ ಫೋನ್ ಬರುತ್ತದೆ. ‘ಮೇಡಂ, ಕ್ರೆಡಿಟ್ ಕಾರ್ಡ್ ವಿಭಾಗದಿಂದ ಮಾತಾಡ್ತಾ ಇದ್ದೇನೆ. ನಿಮ್ಮ ಕಾರ್ಡಿಗೆ ವರ್ಷದ ಚಾರ್ಜು ನಾಲ್ಕು ಸಾವಿರದ ಒಂಬೈನೂರು ಬೀಳ್ತದೆ. ಬೇಡ ಅಂದ್ರೆ ಇವತ್ತು ಐದು ಗಂಟೆಯೊಳಗೆ ಕ್ಯಾನ್ಸಲ್ ಮಾಡಿಕೊಡ್ತೇನೆ.’ ಬಳಸದ ಕಾರ್ಡಿಗೆ ಐದು ಸಾವಿರ ಯಾಕೆ ಕೊಡಬೇಕು ಎಂದು ಅಕ್ಕೋರಿಗೆ ಗಾಬರಿ. ಅವನು ಅವರ ಪೂರ್ತಿ ಹೆಸರು ಹೇಳುತ್ತಾನೆ, ಹುಟ್ಟಿದ ತಾರೀಕು ಹೇಳುತ್ತಾನೆ. ಕಾರ್ಡಿನ ಮೊದಲ ಅಂಕೆಗಳನ್ನೂ ಓದಿ, ‘ಸರಿ ಇದೆಯಾ ನೋಡಿ ಮೇಡಂ’ ಎನ್ನುತ್ತಾನೆ. ಕಾರ್ಡ್ ತೆಗೆದು ನೋಡಿದರೆ ಸರಿಯಾಗಿಯೇ ಇದೆ. ಅಲ್ಲಿಗೆ ನಂಬಿಕೆ ಕೂತಿತು.

ಈ ಒಂದು ಜಾಗದಲ್ಲಿ ಸ್ವಲ್ಪ ನಿಲ್ಲೋಣ, ಯಾಕೆಂದರೆ ಓದಿದವರೂ ಜಾರುವುದು ಇಲ್ಲಿಯೇ. ಕಾರ್ಡಿನ ಮೊದಲ ಆರೋ ಎಂಟೋ ಅಂಕೆಗಳು ನಿಮ್ಮ ಗುಟ್ಟಲ್ಲ, ಅವು ಬ್ಯಾಂಕಿನ ಗುರುತು. ಒಂದೇ ಬ್ಯಾಂಕಿನ ಒಂದೇ ಬಗೆಯ ಸಾವಿರಾರು ಕಾರ್ಡುಗಳ ಮೇಲೆ ಅವೇ ಅಂಕೆಗಳಿರುತ್ತವೆ. ನಿಮ್ಮ ಬ್ಯಾಂಕ್ ಯಾವುದು ಎಂದು ತಿಳಿದವನಿಗೆ ಅವೂ ತಿಳಿಯುತ್ತವೆ. ಹೆಸರು, ಹುಟ್ಟಿದ ದಿನ, ವಿಳಾಸ, ಆಧಾರ್ ಸಂಖ್ಯೆ ಇವೆಲ್ಲ ನಾವು ಸಿಮ್ ಕೊಳ್ಳುವಾಗ, ಲಾಡ್ಜಿನಲ್ಲಿ ಉಳಿಯುವಾಗ, ಸಾಲದ ಆ್ಯಪಿಗೆ ಕೈಹಾಕಿದಾಗ ಎಲ್ಲೆಲ್ಲೋ ಕೊಟ್ಟು ಬಂದವು. ಅವನ ಕೈಯಲ್ಲಿ ನಿಮ್ಮ ವಿವರ ಇದೆ ಎಂದ ಮಾತ್ರಕ್ಕೆ ಅವನು ಬ್ಯಾಂಕಿನವನಾಗುವುದಿಲ್ಲ. ಅವನಿಗೆ ಇನ್ನೂ ಸಿಗದೇ ಇರುವುದು ಕಾರ್ಡಿನ ಉಳಿದ ಅಂಕೆಗಳು, ಅವಧಿ ಮುಗಿಯುವ ತಿಂಗಳು, ಹಿಂಬದಿಯ ಮೂರಂಕಿಯ ಸಿವಿವಿ ಮತ್ತು ಒಟಿಪಿ. ಇಷ್ಟಕ್ಕಾಗಿಯೇ ಆ ನಾಟಕವೆಲ್ಲ.

ಒಟಿಪಿ ಸುಮ್ಮನೆ ಬಂದದ್ದಲ್ಲ. ಬರೀ ಕಾರ್ಡ್ ಸಂಖ್ಯೆಯಿಂದ ಆನ್‌ಲೈನ್ ಖರೀದಿ ನಡೆಯಬಾರದು, ಇನ್ನೊಂದು ಖಾತ್ರಿ ಬೇಕು ಎಂದು ರಿಸರ್ವ್ ಬ್ಯಾಂಕ್ 2009ರಲ್ಲೇ ಕಡ್ಡಾಯ ಮಾಡಿತು. ಎಷ್ಟೋ ವಿದೇಶಗಳಲ್ಲಿ ಆಗ ಇಂಥ ಕಟ್ಟುನಿಟ್ಟು ಇರಲಿಲ್ಲ. ಹಾಗಾಗಿ ಕಳ್ಳ ಮಿಕ್ಕದ್ದೆಲ್ಲ ಕದ್ದರೂ ಕೊನೆಯ ಬಾಗಿಲಿನ ಕೀಲಿ ನಿಮ್ಮ ಫೋನಿಗೇ ಬರುತ್ತದೆ. ನಾನು ಎಲ್ಲರಿಗೂ ಹೇಳುವುದೆಂದರೆ ಒಟಿಪಿಯ ಅಂಕೆಗಿಂತ ಮೊದಲು ಅದರ ಜೊತೆ ಬಂದ ಸಾಲು ಓದಿ. ಎಷ್ಟು ರೂಪಾಯಿ, ಯಾವ ಅಂಗಡಿಗೆ ಎಂದು ಸಾಮಾನ್ಯವಾಗಿ ಅದರಲ್ಲೇ ಬರೆದಿರುತ್ತದೆ. ಅವನು ‘ಕ್ಯಾನ್ಸಲ್ ಮಾಡುವ ಒಟಿಪಿ’ ಎನ್ನುತ್ತಿರುತ್ತಾನೆ, ಮೆಸೇಜಿನಲ್ಲಿ ನಲವತ್ತೆಂಟು ಸಾವಿರದ ಖರೀದಿ ಎಂದಿರುತ್ತದೆ. ಕನ್ನಡಕ ಹುಡುಕುವ ವ್ಯವಧಾನವನ್ನೂ ಅವನು ಕೊಡುವುದಿಲ್ಲ. ‘ಬೇಗ ಹೇಳಿ ಮೇಡಂ, ಟೈಮ್ ಮುಗಿತಾ ಇದೆ’ ಎನ್ನುತ್ತಾನೆ. ಆಗ ‘ಕನ್ನಡಕ ತಂದು ಓದುತ್ತೇನೆ’ ಎಂದು ಹೇಳಿ ಫೋನ್ ಇಡಿ.

ಈ ಕಸುಬು ಹೊಸದಲ್ಲ. ನಮ್ಮ ದೇಶದಲ್ಲಿ ಶಿಕ್ಷೆಯಾದ ಮೊದಲ ಸೈಬರ್ ಅಪರಾಧ ಎಂದು ಹೆಸರಾದ ಪ್ರಕರಣವೇ ಫೋನಿನಿಂದ ಸಿಕ್ಕ ಕ್ರೆಡಿಟ್ ಕಾರ್ಡ್ ಸಂಖ್ಯೆಯದು. 2002ರಲ್ಲಿ ನೋಯ್ಡಾದ ಕಾಲ್ ಸೆಂಟರ್ ಒಂದರ ಹುಡುಗ ಅಮೆರಿಕದ ಮಹಿಳೆಯೊಬ್ಬರ ಕಾರ್ಡ್ ಸಂಖ್ಯೆ ಬಳಸಿ ಸೋನಿ ಕಂಪನಿಯ ಜಾಲತಾಣದಲ್ಲಿ ಒಂದು ಕಲರ್ ಟಿವಿ, ಒಂದು ಹೆಡ್‌ಫೋನ್ ತರಿಸಿಕೊಂಡ. ಸಿಬಿಐ ಹಿಡಿಯಿತು. 2005ರಲ್ಲಿ ಪುಣೆಯ ಕಾಲ್ ಸೆಂಟರಿನ ಕೆಲವರು ಸಿಟಿಬ್ಯಾಂಕಿನ ಅಮೆರಿಕನ್ ಗ್ರಾಹಕರಿಂದ ಪಿನ್ ಸಂಖ್ಯೆ ಸಂಪಾದಿಸಿ ಸುಮಾರು ಮೂರೂವರೆ ಲಕ್ಷ ಡಾಲರ್ ಎತ್ತಿದರು. ಎರಡು ಕಡೆಯೂ ಯಾರೂ ಬ್ಯಾಂಕಿನ ಕಂಪ್ಯೂಟರ್ ಒಡೆಯಲಿಲ್ಲ. ಆಗ ಮೋಸ ಹೋದವರು ಅಲ್ಲಿಯವರು. ಈಗ ಅದೇ ವಿದ್ಯೆ ನಮ್ಮ ಮನೆಗಳ ಕಡೆ ತಿರುಗಿದೆ. ಇಂಥ ವಂಚನೆಗೆ ಹೆಸರಾದ ಜಾಮತಾಡಾದಂಥ ದೂರದ ಊರಿನ ಸುದ್ದಿ ಕೇಳಿ ಇದೆಲ್ಲ ಉತ್ತರದವರ ಕೆಲಸ ಎಂದುಕೊಳ್ಳುವುದು ಬೇಡ. 2025ರ ನವೆಂಬರಿನಲ್ಲಿ ಬೆಳಗಾವಿಯಲ್ಲೇ ಅಮೆರಿಕದವರಿಗೆ ಕರೆ ಮಾಡಿ ವಂಚಿಸುತ್ತಿದ್ದ ನಕಲಿ ಕಾಲ್ ಸೆಂಟರ್ ಮೇಲೆ ದಾಳಿ ನಡೆದು ಮೂವತ್ತಕ್ಕೂ ಹೆಚ್ಚು ಮಂದಿ ಸಿಕ್ಕಿಬಿದ್ದರು.

ನಮ್ಮೂರಿನವರು ಯಾಕೆ ನಂಬುತ್ತಾರೆ ಎಂಬುದನ್ನು ಬ್ಯಾಂಕಿನ ಕೌಂಟರಿನ ಹಿಂದೆ ಬಹಳ ವರ್ಷ ಕೂತವನಾಗಿ ಯೋಚಿಸಿದ್ದೇನೆ. ಮುಂದೆ ಸಿಂಡಿಕೇಟ್ ಬ್ಯಾಂಕ್ ಎನ್ನಿಸಿಕೊಂಡ ಉಡುಪಿಯ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿ ಶುರುಮಾಡಿದಾಗಿನಿಂದ ಕರಾವಳಿಯವರಿಗೆ ಬ್ಯಾಂಕ್ ಎಂದರೆ ದಿನಾ ಅಂಗಡಿಗೆ, ಮನೆಗೆ ಬರುವ ಗುರುತಿನ ಮನುಷ್ಯ. ಮೀನುಪೇಟೆಯ ಬಾಯಿಯೂ ಪಿಗ್ಮಿಯವನ ಕೈಗೆ ಹತ್ತು ರೂಪಾಯಿ ಕೊಟ್ಟು ನಿಶ್ಚಿಂತೆಯಿಂದ ಇರುತ್ತಿದ್ದಳು. ಅವನ ಮನೆ ಎಲ್ಲಿ, ಅವನ ಅಪ್ಪ ಯಾರು ಎಂದು ಊರಿಗೇ ಗೊತ್ತಿತ್ತು. ಆ ನಂಬಿಕೆ ಹಾಗೇ ಉಳಿದಿದೆ, ಮನುಷ್ಯ ಬದಲಾಗಿದ್ದಾನೆ. ಸಿಂಡಿಕೇಟ್ ಬ್ಯಾಂಕ್ 2020ರ ಏಪ್ರಿಲ್ 1ರಂದು ಕೆನರಾದೊಳಗೆ ಹೋಯಿತು, ಅದೇ ದಿನ ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿಗೆ ಸೇರಿತು. ಅದಕ್ಕೆ ಒಂದು ವರ್ಷ ಮೊದಲು ವಿಜಯಾ ಬ್ಯಾಂಕ್ ಬರೋಡಾ ಬ್ಯಾಂಕಿನ ಪಾಲಾಗಿತ್ತು. ನಮ್ಮ ಹಳ್ಳಿಗಳ ವಿಕಾಸ ಗ್ರಾಮೀಣ ಬ್ಯಾಂಕ್ 2025ರ ಮೇ 1ರಿಂದ ಕರ್ನಾಟಕ ಗ್ರಾಮೀಣ ಬ್ಯಾಂಕ್ ಆಗಿದೆ. ಪ್ರತಿಸಲವೂ ಹೊಸ ಪಾಸ್‌ಬುಕ್ಕು, ಹೊಸ ಐಎಫ್‌ಎಸ್‌ಸಿ, ಹೊಸ ಕಾರ್ಡು, ಮತ್ತೆ ಕೆವೈಸಿ. ‘ನಿಮ್ಮ ಬ್ಯಾಂಕ್ ವಿಲೀನ ಆಗಿದೆ, ಹಳೇ ಕಾರ್ಡ್ ಬಂದ್ ಆಗ್ತದೆ’ ಎಂದು ಯಾರಾದರೂ ಹೇಳಿದರೆ ಅದು ಸುಳ್ಳೆನ್ನಿಸುವುದು ಹೇಗೆ? ಇನ್ನೊಂದು, ಈಗ ಶಾಖೆಯೊಳಗೂ ಹಿಂದಿ ಮಾತಾಡುವ ಹುಡುಗರೇ ಬಹಳ. ಕೊಂಕಣಿಯಲ್ಲೋ ಕನ್ನಡದಲ್ಲೋ ವ್ಯವಹಾರ ಮಾಡಿದವರಿಗೆ ಮೊದಲಾದರೆ ಹಿಂದಿ ದನಿ ಕೇಳಿದ ಕೂಡಲೇ ಅನುಮಾನ ಬರುತ್ತಿತ್ತು. ಈಗ ಬರುವುದಿಲ್ಲ. ಕಳ್ಳರೂ ಕನ್ನಡ ಕಲಿತಿದ್ದಾರೆ. ಭಾಷೆಯಿಂದ, ದನಿಯಿಂದ ಮನುಷ್ಯನನ್ನು ಅಳೆಯುವ ಕಾಲ ಇದಲ್ಲ.

ಕರೆ ಬಂದ ಸಂಖ್ಯೆಯಿಂದ ಸ್ವಲ್ಪ ಸುಳಿವು ಸಿಗುತ್ತದೆ. ಬ್ಯಾಂಕುಗಳು ಗ್ರಾಹಕರ ಖಾತೆ, ವಹಿವಾಟಿನ ವಿಷಯ ಮಾತಾಡಲು 1600ರಿಂದ ಶುರುವಾಗುವ ಸಂಖ್ಯೆಗಳನ್ನೂ, ಜಾಹೀರಾತಿನ ಕರೆಗೆ 140ರಿಂದ ಶುರುವಾಗುವ ಸಂಖ್ಯೆಗಳನ್ನೂ ಬಳಸಬೇಕೆಂದು ರಿಸರ್ವ್ ಬ್ಯಾಂಕ್ 2025ರ ಜನವರಿಯಲ್ಲಿ ಹೇಳಿದೆ. ಬ್ಯಾಂಕುಗಳ ಜಾಲತಾಣದ ಹೆಸರುಗಳೂ ‘ಬ್ಯಾಂಕ್ ಡಾಟ್ ಇನ್’ ಎಂದೇ ಮುಗಿಯಬೇಕು ಎಂದಾಗಿದೆ. ಹತ್ತಂಕಿಯ ಮಾಮೂಲು ಮೊಬೈಲಿನಿಂದ ‘ಹೆಡ್ ಆಫೀಸ್’ ಎಂದು ಬಂದರೆ ಅಲ್ಲಿಗೇ ಬಿಡಿ. ಆದರೆ 1600 ಕಂಡಿತು ಎಂದು ಒಟಿಪಿ ಹೇಳಲು ಹೋಗಬೇಡಿ. ಒಟಿಪಿ, ಪಿನ್, ಸಿವಿವಿಯನ್ನು ಬಾಯಲ್ಲಿ ಕೇಳುವ ಬ್ಯಾಂಕ್ ನೌಕರ ಇಲ್ಲವೇ ಇಲ್ಲ.

ಕಾರ್ಡಿನ ವಿವರ ಕೇಳದೆಯೂ ದೋಚುವ ದಾರಿಗಳಿವೆ. ಸಹಾಯ ಮಾಡುವ ನೆಪದಲ್ಲಿ ಎನಿಡೆಸ್ಕ್‌ನಂಥ ಆ್ಯಪ್ ಹಾಕಿಸುತ್ತಾರೆ. ಅದು ಬಂದರೆ ನಿಮ್ಮ ಫೋನಿನ ಪರದೆ ಅವನ ಕಣ್ಣ ಮುಂದೆ. 2019ರಲ್ಲೇ ರಿಸರ್ವ್ ಬ್ಯಾಂಕ್ ಈ ಬಗ್ಗೆ ಎಚ್ಚರಿಸಿತ್ತು. ವಾಟ್ಸಾಪಿನಲ್ಲಿ ಮದುವೆ ಕರೆಯೋಲೆ, ಗಾಡಿಯ ದಂಡದ ಚಲನ್ ಎಂದು ಬರುವ ಫೈಲಿನ ಹೆಸರು ‘ಎಪಿಕೆ’ ಎಂದು ಮುಗಿದಿದ್ದರೆ ಮುಟ್ಟಬೇಡಿ, ಗುರುತಿನವರ ಹೆಸರಿನಿಂದಲೇ ಬಂದಿದ್ದರೂ. ಆ ಗುರುತಿನವರ ಫೋನೂ ಆಗಲೇ ಕೈತಪ್ಪಿರಬಹುದು. ಪಾರ್ಸೆಲ್ ಹುಡುಗನೆಂದು ಹೇಳಿ ಸ್ಟಾರ್ 401 ಸ್ಟಾರ್ ಅಥವಾ ಸ್ಟಾರ್ 21 ಸ್ಟಾರ್ ಎಂದು ಶುರುವಾಗುವ ಸಂಖ್ಯೆ ಒತ್ತಿಸುವವರಿದ್ದಾರೆ. ಒತ್ತಿದರೆ ನಿಮಗೆ ಬರುವ ಕರೆಗಳು ಅವನಿಗೆ ಹೋಗುತ್ತವೆ, ಕರೆಯಲ್ಲಿ ಹೇಳುವ ಒಟಿಪಿ ಸಹಿತ. ಹಾಗೆ ಒತ್ತಿದ್ದರೆ ಹ್ಯಾಶ್ ಹ್ಯಾಶ್ 002 ಹ್ಯಾಶ್ ಒತ್ತಿ ರದ್ದು ಮಾಡಿ. ಇನ್ನು, ಕಾರ್ಡಿಗೆ ತೊಂದರೆಯಾಯಿತೆಂದು ಗೂಗಲ್‌ನಲ್ಲಿ ‘ಕಸ್ಟಮರ್ ಕೇರ್’ ಹುಡುಕಿ ಸಿಕ್ಕ ಮೊದಲ ಸಂಖ್ಯೆಗೆ ಫೋನ್ ಮಾಡುವವರು ತಾವಾಗಿಯೇ ಕಳ್ಳನ ಮನೆಗೆ ಹೋದಂತೆ. ನೀವೇ ಫೋನ್ ಮಾಡಿ ಎಂದು ಮೇಲೆ ಹೇಳಿದೆನಲ್ಲ, ಆ ಸಂಖ್ಯೆ ಕಾರ್ಡಿನಿಂದಲೋ ಪಾಸ್‌ಬುಕ್ಕಿನಿಂದಲೋ ಬರಬೇಕು.

ಕ್ರೆಡಿಟ್ ಕಾರ್ಡ್ ಮೋಸಕ್ಕೆ ಉಳಿತಾಯ ಖಾತೆಯ ಮೋಸಕ್ಕಿಂತ ಬೇರೆಯೇ ಒಂದು ನೋವಿದೆ. ಖಾತೆಯಲ್ಲಿ ಇಪ್ಪತ್ತು ಸಾವಿರ ಇದ್ದರೆ ಹೋಗುವುದು ಇಪ್ಪತ್ತು ಸಾವಿರ. ಕಾರ್ಡಿನ ಮಿತಿ ಎರಡು ಲಕ್ಷವಾದರೆ ನೀವು ಕಣ್ಣಲ್ಲೇ ಕಾಣದ ಎರಡು ಲಕ್ಷ ಹೋಗಿ ನಿಮ್ಮ ತಲೆಮೇಲೆ ಸಾಲವಾಗಿ ಕೂರುತ್ತದೆ. ಹಲವು ಕಾರ್ಡುಗಳಲ್ಲಿ ಬಾಕಿಗೆ ತಿಂಗಳಿಗೇ ಶೇ 3ಕ್ಕೂ ಮೇಲೆ ಬಡ್ಡಿ. ಹಾಗಾಗಿ ಬ್ಯಾಂಕಿನವರು ‘ಲಿಮಿಟ್ ಜಾಸ್ತಿ ಮಾಡಿಕೊಡುತ್ತೇವೆ’ ಎಂದರೆ ಬೇಡ ಎನ್ನಿ. ತಿಂಗಳಿಗೆ ಹತ್ತು ಸಾವಿರ ಖರ್ಚು ಮಾಡುವವರಿಗೆ ಮೂರು ಲಕ್ಷದ ಮಿತಿ ಯಾಕೆ? ಕಡಿಮೆ ಮಾಡಿ ಎಂದು ಕೇಳುವ ಹಕ್ಕು ನಿಮಗಿದೆ. 2020ರಿಂದ ಇನ್ನೊಂದು ಒಳ್ಳೆಯ ಸೌಲಭ್ಯ ಬಂದಿದೆ. ಕಾರ್ಡಿನ ಆನ್‌ಲೈನ್ ಬಳಕೆ, ವಿದೇಶಿ ಬಳಕೆ, ಮುಟ್ಟಿಸಿ ಹಣ ಕಡಿಯುವ ಬಳಕೆ ಒಂದೊಂದನ್ನೂ ಬೇರೆ ಬೇರೆಯಾಗಿ ಮುಚ್ಚಬಹುದು, ತೆರೆಯಬಹುದು, ಮಿತಿ ಹಾಕಬಹುದು. ಬ್ಯಾಂಕಿನ ಆ್ಯಪಿನಲ್ಲಿ ಎರಡು ನಿಮಿಷದ ಕೆಲಸ, ಆಗದಿದ್ದರೆ ಶಾಖೆಯಲ್ಲಿ ಮಾಡಿಸಿಕೊಳ್ಳಿ. ವಿದೇಶಿ ಬಳಕೆಯನ್ನಂತೂ ಇವತ್ತೇ ಮುಚ್ಚಿಸಿ. ವಿದೇಶದ ಎಷ್ಟೋ ಜಾಲತಾಣಗಳು ಒಟಿಪಿ ಕೇಳುವುದೇ ಇಲ್ಲ. ಮಗ ಹಡಗಿನಲ್ಲೋ ಗಲ್ಫಿನಲ್ಲೋ ಇರುವ ಮನೆಗಳು ಕಾರವಾರದಲ್ಲಿ ಬೇಕಾದಷ್ಟಿವೆ, ಅವರ ಕಾರ್ಡಿನ ಮಾತು ಬೇರೆ. ಊರಲ್ಲೇ ಇರುವ ಅಪ್ಪ ಅಮ್ಮನ ಕಾರ್ಡಿಗೆ ಅದು ಬೇಡ. ಗೋವಾಕ್ಕೆ ಕೆಲಸಕ್ಕೆ ಹೋಗುವವರು ಅಲ್ಲಿಯ ಸಿಮ್ ಹಾಕಿ ಹಳೆಯದನ್ನು ಬಿಟ್ಟುಬಿಡುತ್ತಾರೆ. ಬ್ಯಾಂಕಿನಲ್ಲಿ ಹಳೆಯ ಸಂಖ್ಯೆಯೇ ಇದ್ದರೆ ಹಣ ಹೋದ ಮೆಸೇಜು ನಿಮಗೆ ಬರುವುದೇ ಇಲ್ಲ. ಬಿಟ್ಟ ಸಂಖ್ಯೆಯನ್ನು ಕಂಪನಿ ಮುಂದೆ ಇನ್ನೊಬ್ಬರಿಗೆ ಕೊಡುತ್ತದೆ, ಆಮೇಲೆ ಆ ಮೆಸೇಜು ಅವರಿಗೇ ಹೋಗುತ್ತದೆ.

ಇಷ್ಟಾದರೂ ಒಂದು ಗಳಿಗೆಯಲ್ಲಿ ಮೋಸ ಆಗಿಹೋಯಿತು ಎಂದುಕೊಳ್ಳಿ. ಆಗ ನೆನಪಾಗಬೇಕಾದ ಸಂಖ್ಯೆ 1930. ಅಂಕೋಲೆಯವರಿಗೆ ಇದನ್ನು ಬಾಯಿಪಾಠ ಮಾಡಿಸಬೇಕಿಲ್ಲ. ಎಂ. ಪಿ. ನಾಡಕರ್ಣಿಯವರ ಮುಂದಾಳತನದಲ್ಲಿ ನಮ್ಮೂರಿನವರು ಉಪ್ಪಿನ ಕಾನೂನು ಮುರಿದದ್ದು 1930ರ ಏಪ್ರಿಲ್ 13ರಂದು. ಉಪ್ಪಿನ ಸತ್ಯಾಗ್ರಹದ ಇಸವಿಯೇ ಸೈಬರ್ ದೂರಿನ ಸಂಖ್ಯೆ ಎಂದು ಮೊಮ್ಮಕ್ಕಳಿಗೂ ಹೇಳಿಕೊಡಿ. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು. ಕದ್ದ ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಹಾರುತ್ತ ಹೋಗುತ್ತದೆ. 1930ಕ್ಕೆ ದೂರು ಬಿದ್ದ ಕೂಡಲೇ ಆಯಾ ಬ್ಯಾಂಕುಗಳಿಗೆ ಸೂಚನೆ ಹೋಗಿ, ಹಣ ಇನ್ನೂ ಯಾವ ಖಾತೆಯಲ್ಲಿ ಉಳಿದಿದೆಯೋ ಅಲ್ಲಿ ತಡೆಯುತ್ತಾರೆ. ಎಟಿಎಂನಿಂದ ಹೊರಗೆ ಬಂದ ಮೇಲೆ ತಡೆಯುವುದು ಏನನ್ನು? ಕಾರ್ಡಿನ ಹಿಂಬದಿಯ ಸಂಖ್ಯೆಗೆ ಫೋನ್ ಮಾಡಿ ಕಾರ್ಡ್ ಬ್ಲಾಕ್ ಮಾಡಿಸಿ, ಹಿಂದೆಯೇ 1930, ಆಮೇಲೆ ಸೈಬರ್‌ಕ್ರೈಂ ಡಾಟ್ ಗವ್ ಡಾಟ್ ಇನ್‌ನಲ್ಲಿ ದೂರು. ಕಾರವಾರದಲ್ಲಿ ಇಂಥ ಅಪರಾಧಗಳಿಗೆಂದೇ ಸಿಇಎನ್ ಪೊಲೀಸ್ ಠಾಣೆ ಇದೆ, ಅಲ್ಲಿಗೆ ಹೋಗಲು ಯಾರ ಶಿಫಾರಸೂ ಬೇಡ. ಮೆಸೇಜು, ಕರೆಯ ದಾಖಲೆ ಯಾವುದನ್ನೂ ಅಳಿಸಬೇಡಿ.

ಬ್ಯಾಂಕಿಗೆ ಮಾತ್ರ ಬರಹದಲ್ಲೇ ದೂರು ಕೊಡಿ, ತಾರೀಕು ಹಾಕಿದ ಸ್ವೀಕೃತಿ ಪಡೆಯಿರಿ. ಇದನ್ನು ಒತ್ತಿ ಹೇಳುವುದಕ್ಕೆ ಕಾರಣ ರಿಸರ್ವ್ ಬ್ಯಾಂಕ್ 2017ರ ಜುಲೈ 6ರಂದು ಹೊರಡಿಸಿದ ಸುತ್ತೋಲೆ. ಬ್ಯಾಂಕಿನದೂ ಅಲ್ಲದ, ನಿಮ್ಮದೂ ಅಲ್ಲದ ತಪ್ಪಿನಿಂದ ಹಣ ಹೋಗಿದ್ದು, ಬ್ಯಾಂಕಿನ ಸೂಚನೆ ಬಂದ ಮೂರು ಕೆಲಸದ ದಿನಗಳೊಳಗೆ ನೀವು ತಿಳಿಸಿದರೆ ನಿಮ್ಮ ಮೇಲೆ ಒಂದು ರೂಪಾಯಿಯ ಹೊರೆಯೂ ಇಲ್ಲ. ತಿಳಿಸಲು ನಾಲ್ಕರಿಂದ ಏಳು ಕೆಲಸದ ದಿನ ಹಿಡಿದರೆ, ಐದು ಲಕ್ಷದವರೆಗಿನ ಮಿತಿಯ ಕ್ರೆಡಿಟ್ ಕಾರ್ಡಿಗೆ ಹೆಚ್ಚೆಂದರೆ 10,000 ರೂಪಾಯಿ ನಿಮ್ಮ ಪಾಲು. ಒಟಿಪಿಯನ್ನು ನೀವೇ ಹೇಳಿದ್ದರೆ ಲೆಕ್ಕ ಬೇರೆ, ಬ್ಯಾಂಕಿಗೆ ತಿಳಿಸುವ ತನಕ ಆದ ನಷ್ಟ ನಿಮ್ಮದು. ಆದರೆ ತಿಳಿಸಿದ ನಂತರ ಆಗುವ ಯಾವ ನಷ್ಟವೂ ಬ್ಯಾಂಕಿನದು. ಒಟಿಪಿ ಹೇಳಿಬಿಟ್ಟೆ, ಇನ್ನೇನು ಹೇಳಿ ಪ್ರಯೋಜನ ಎಂದು ಕೈಕಟ್ಟಿ ಕೂರುವವರು ಈ ಸಾಲನ್ನು ಗಮನಿಸಬೇಕು. ಹೊತ್ತು ಕಳೆದಷ್ಟೂ ಹೊರೆ ನಿಮ್ಮ ಕಡೆಯೇ ಬೆಳೆಯುತ್ತದೆ. ತಪ್ಪು ಗ್ರಾಹಕನದೇ ಎಂದು ರುಜುವಾತು ಮಾಡುವ ಹೊಣೆಯೂ ಬ್ಯಾಂಕಿನ ಮೇಲಿದೆ. ಮೂವತ್ತು ದಿನಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಸಮಾಧಾನ ಕೊಡದಿದ್ದರೆ ರಿಸರ್ವ್ ಬ್ಯಾಂಕಿನ ಲೋಕಪಾಲರಿಗೆ ಬರೆಯಬಹುದು, ಖರ್ಚಿಲ್ಲ. 14448ಕ್ಕೆ ಫೋನ್ ಮಾಡಿದರೆ ದಾರಿ ಹೇಳುತ್ತಾರೆ.

ಜನ ತಡ ಮಾಡುವುದು ಕಾನೂನು ಗೊತ್ತಿಲ್ಲದೆ ಮಾತ್ರವಲ್ಲ, ನಾಚಿಕೆಯಿಂದ. ಮಾಸ್ತರಾಗಿ ಊರಿಗೆಲ್ಲ ಬುದ್ಧಿ ಹೇಳಿದವನು ಮೋಸ ಹೋದೆ ಎಂದು ಹೇಗೆ ಹೇಳಲಿ, ಮಗ ಏನೆಂದಾನು, ಸೊಸೆಯ ಮುಂದೆ ಮುಖ ಹೇಗೆ ತೋರಿಸಲಿ! ಹಳಿಯಾಳಕ್ಕೆ ತಾಗಿಕೊಂಡಿರುವ ಖಾನಾಪುರ ತಾಲ್ಲೂಕಿನ ಬೀಡಿ ಎಂಬ ಊರಿನಲ್ಲಿ 2025ರ ಮಾರ್ಚ್‌ನಲ್ಲಿ ಎಂಬತ್ತರ ಆಸುಪಾಸಿನ ಗಂಡ ಹೆಂಡತಿ ಜೀವ ಕಳೆದುಕೊಂಡರು. ಟೆಲಿಕಾಂ ಇಲಾಖೆಯವ, ಪೊಲೀಸ್ ಎಂದು ಫೋನಿನಲ್ಲಿ ಹೆದರಿಸಿದವರು ಅವರಿಂದ ಐವತ್ತು ಲಕ್ಷಕ್ಕೂ ಮಿಕ್ಕಿ ಕಿತ್ತುಕೊಂಡಿದ್ದರು. ಗಂಡ ಸರ್ಕಾರಿ ಸೇವೆಯಲ್ಲಿ ಇದ್ದು ನಿವೃತ್ತರಾದವರು, ತಿಳಿವಳಿಕೆ ಇದ್ದವರು. ನೆರೆಮನೆಯವರಿಗೂ ಹೇಳಿಕೊಳ್ಳಲಾಗದ ಹಾಗೆ ಅವರನ್ನು ಒಂಟಿ ಮಾಡಲಾಗಿತ್ತು. ಆ ಸುದ್ದಿ ಓದಿದ ದಿನ ನನಗೆ ಊಟ ಸೇರಲಿಲ್ಲ. ಹೀಗೆ ಹೆದರಿಸುವವರು ಹೇಳುವ ‘ಡಿಜಿಟಲ್ ಅರೆಸ್ಟ್’ ಎಂಬುದು ನಮ್ಮ ಕಾನೂನಿನಲ್ಲಿ ಇಲ್ಲ. ವಿಡಿಯೋ ಕರೆಯಲ್ಲಿ ಯಾವ ಪೊಲೀಸನೂ ಯಾರನ್ನೂ ಬಂಧಿಸುವುದಿಲ್ಲ. ಮೋಸ ಹೋದವರು ಕಳ್ಳತನ ಮಾಡಿದವರಲ್ಲ, ತಲೆ ತಗ್ಗಿಸಬೇಕಾದವರು ಅವರಲ್ಲ. ಮನೆಯವರೂ ‘ನಿಮಗೆ ಎಷ್ಟು ಸಲ ಹೇಳಿದ್ದೆ’ ಎಂಬ ಮಾತನ್ನು ಆ ಗಳಿಗೆಯಲ್ಲಿ ನುಂಗಿಕೊಳ್ಳಬೇಕು. ಬೈಯುತ್ತಾರೆ ಎಂಬ ಹೆದರಿಕೆಯಿದ್ದ ಮನೆಯಲ್ಲಿ 1930ಕ್ಕೆ ಕರೆ ಹೋಗುವುದು ಎರಡು ದಿನ ಕಳೆದ ಮೇಲೆ.

ಕಾಲೇಜು ಮುಗಿಸಿ ಕೆಲಸ ಹುಡುಕುತ್ತಿರುವ ಹುಡುಗ ಹುಡುಗಿಯರಿಗೂ ಒಂದು ಮಾತು, ತಮ್ಮಾ, ತಂಗೀ, ಸಿಟ್ಟು ಮಾಡಿಕೊಳ್ಳಬೇಡಿ. ‘ನಿನ್ನ ಖಾತೆ, ಎಟಿಎಂ ಕಾರ್ಡ್, ಸಿಮ್ ಕೊಡು, ತಿಂಗಳಿಗೆ ಇಷ್ಟು ಸಾವಿರ ಬಾಡಿಗೆ ಕೊಡುತ್ತೇವೆ’ ಎಂದು ಗೆಳೆಯರ ಗೆಳೆಯರ ಮೂಲಕ ಕೇಳಿಬಂದರೆ ಒಪ್ಪಬೇಡಿ. ಯಾರದೋ ಅಕ್ಕೋರ ಪಿಂಚಣಿ ಹಾದುಹೋಗುವುದು ಇಂಥ ಖಾತೆಗಳಿಂದಲೇ. ಪೊಲೀಸರಿಗೆ ಮೊದಲು ಸಿಗುವ ಹೆಸರು ಎಲ್ಲೋ ಕೂತ ದೊಡ್ಡ ಕಳ್ಳನದಲ್ಲ, ಖಾತೆ ಕೊಟ್ಟವರದು.

ಚೌತಿಗೆ ಮುಂಬಯಿ, ಬೆಂಗಳೂರು, ಗೋವಾದಿಂದ ಎಲ್ಲರೂ ಮನೆಗೆ ಬರುತ್ತೀರಿ. ಆಗ ಒಂದು ಮಧ್ಯಾಹ್ನ ಅಪ್ಪ ಅಮ್ಮನ ಪಕ್ಕ ಕೂತು ಅವರ ಫೋನ್ ತೆಗೆದುಕೊಳ್ಳಿ. ಕಾರ್ಡಿನ ಹಿಂಬದಿಯ ಸಂಖ್ಯೆಯನ್ನೂ 1930ನ್ನೂ ಹೆಸರು ಹಾಕಿ ಸೇವ್ ಮಾಡಿ, ಕನ್ನಡದಲ್ಲೇ ಬರೆಯಿರಿ. ಬೇಡದ ಆ್ಯಪುಗಳನ್ನು ತೆಗೆಯಿರಿ, ವಿದೇಶಿ ಬಳಕೆ ಮುಚ್ಚಿ, ಮಿತಿ ಇಳಿಸಿ. ಬ್ಯಾಂಕಿನಲ್ಲಿ ಯಾವ ಮೊಬೈಲ್ ಸಂಖ್ಯೆ ಇದೆ ಎಂದು ನೋಡಿ. ಆಮೇಲೆ ನೀವೇ ಇನ್ನೊಂದು ಕೋಣೆಯಿಂದ ಬ್ಯಾಂಕಿನವನ ದನಿ ಮಾಡಿ ಅವರಿಗೆ ಫೋನ್ ಮಾಡಿ, ‘ಸರ್ ಸರ್’ ಎಂದು ಮೆತ್ತಗೆ ಮಾತಾಡಿ, ಮಧ್ಯದಲ್ಲೇ ಕಟ್ ಮಾಡುವುದನ್ನು ಅವರ ಕೈಯಿಂದ ಎರಡು ಮೂರು ಸಲ ಮಾಡಿಸಿ.